ಯಾರ ಕಣ್ಣಿನಿಂದ ಕಥೆ? – ಸ್ವತಂತ್ರ ಚಿತ್ರಗಳು ಮತ್ತು ಚಾಮರಾಜನಗರ ಸೀಮೆ

ಚಾಮರಾಜನಗರ ಸೀಮೆಗೂ ಕನ್ನಡ ಸಿನಿಮಾಕ್ಕೂ ಇರುವ ನಂಟು ಬಹಳ ಹತ್ತಿರದ್ದು. 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿದ ಮುತ್ತುರಾಜರು 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದರು. ಗಾಜನೂರು ಇವತ್ತು ತಮಿಳುನಾಡಿನ ತಾಳವಾಡಿ ಭಾಗಕ್ಕೆ ಸೇರಿದ್ದರೂ ಅಲ್ಲಿನವರ ಮನೆಮಾತು ಕನ್ನಡ. ಅವರ ಮನೆತನದ ಊರು ಸಿಂಗಾನಲ್ಲೂರು ನಮ್ಮ ಜಿಲ್ಲೆಯದೇ. ನಾಡಿಗೆ ಇಷ್ಟು ದೊಡ್ಡ ನಟನನ್ನು ಕೊಟ್ಟ ಸೀಮೆ ತಾನು ತೆರೆಯ ಮೇಲೆ ಕಾಣಿಸಿಕೊಂಡದ್ದು ಮುಖ್ಯವಾಗಿ ಎರಡು ರೂಪಗಳಲ್ಲಿ. ಒಂದು, ಹಾಡಿನ ಹಿನ್ನೆಲೆಯಾಗಿ: ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮಂಜು, ಗುಂಡ್ಲುಪೇಟೆ ಬಯಲಿನ ಸೂರ್ಯಕಾಂತಿ, ಚೆಂಡುಹೂವಿನ ಹೊಲ. ಇನ್ನೊಂದು, ಕಾಡುಗಳ್ಳ ವೀರಪ್ಪನ ಕಾಡಾಗಿ: 1991ರ ‘ವೀರಪ್ಪನ್’, 2013ರ ‘ಅಟ್ಟಹಾಸ’, 2016ರ ‘ಕಿಲ್ಲಿಂಗ್ ವೀರಪ್ಪನ್’. ಹೂವಿನ ಹೊಲವನ್ನು ಕಂಡ ಕ್ಯಾಮೆರಾ ಹೂ ಬಿಡಿಸುವ ಹೆಣ್ಣಾಳಿನ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಕಾಡನ್ನು ಕಂಡ ಕ್ಯಾಮೆರಾ ಪೊಲೀಸರಿಗೂ ಕಳ್ಳರಿಗೂ ನಡುವೆ ಸಿಕ್ಕಿಬಿದ್ದ, ಕಾಡಿನ ಪೋಡುಗಳಲ್ಲಿ ಬದುಕುವ ಸೋಲಿಗ ಬುಡಕಟ್ಟಿನವರ ಕಡೆ ಹೆಚ್ಚು ಹೊತ್ತು ತಿರುಗಲಿಲ್ಲ. ಸೀಮೆ ಕಂಡಿತು, ಆದರೆ ಮಾತಾಡಲಿಲ್ಲ. ಈ ಕೊರತೆಯನ್ನು ತುಂಬುವ ಶಕ್ತಿ ಸ್ವತಂತ್ರ ಚಿತ್ರಗಳಿಗೆ ಇದೆಯೇ, ಇದ್ದರೆ ಆ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದು ಇವತ್ತಿನ ನನ್ನ ಮಾತಿನ ವಿಷಯ.

ಸ್ವತಂತ್ರ ಚಿತ್ರ ಎಂದರೆ ದೊಡ್ಡ ಸಂಸ್ಥೆಯ ಹಣ, ತಾರೆಯ ಹೆಸರು, ವಿತರಕರ ಒಪ್ಪಿಗೆ ಇವನ್ನು ನೆಚ್ಚಿಕೊಳ್ಳದೆ ತಯಾರಾಗುವ ಚಿತ್ರ ಎಂದು ಸಾಮಾನ್ಯವಾಗಿ ಹೇಳುತ್ತೇವೆ. ಕನ್ನಡದಲ್ಲಿ ಇದಕ್ಕೆ ಅರ್ಧ ಶತಮಾನ ದಾಟಿದ ಇತಿಹಾಸವಿದೆ. 1970ರ ‘ಸಂಸ್ಕಾರ’ ಸೆನ್ಸಾರ್ ಮಂಡಳಿಯ ತಡೆಯನ್ನು ದಾಟಿ ಬಂದು ದೇಶದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಪಡೆಯಿತು; 1975ರ ‘ಚೋಮನ ದುಡಿ’ಗೂ 1977ರ ‘ಘಟಶ್ರಾದ್ಧ’ಕ್ಕೂ ಅದೇ ಗೌರವ ಸಂದಿತು. ಇತ್ತೀಚೆಗೆ ಪವನ್ ಕುಮಾರ್ 2013ರ ‘ಲೂಸಿಯಾ’ಕ್ಕೆ ಪ್ರೇಕ್ಷಕರಿಂದಲೇ ಹಣ ಕೂಡಿಸಿದರು, 2023ರ ‘ಡೇರ್‌ಡೆವಿಲ್ ಮುಸ್ತಫಾ’ಕ್ಕೆ ಪೂರ್ಣಚಂದ್ರ ತೇಜಸ್ವಿಯವರ ಓದುಗರು ಸೇರಿ ಬಂಡವಾಳ ಹಾಕಿದರು. ಆದರೆ ಹಣ ಎಲ್ಲಿಂದ ಬಂತು ಎಂಬುದು ಚಿತ್ರದ ಗುಣವನ್ನು ತೀರ್ಮಾನಿಸುವುದಿಲ್ಲ. ಕಡಿಮೆ ಖರ್ಚಿನಲ್ಲಿ ತೆಗೆದ ಚಿತ್ರವೂ ದೊಡ್ಡ ಚಿತ್ರದ ಸವಕಲು ಕಥೆಯನ್ನೇ ಹೇಳಬಹುದು. ವಸ್ತು ಕೂಡ ತೀರ್ಮಾನಿಸುವುದಿಲ್ಲ. ಬಡತನ, ಜಾತಿ, ಹೆಣ್ಣಿನ ಸಂಕಟ, ಕಾಡಿನ ನಾಶ ಇವೆಲ್ಲ ವ್ಯಾಪಾರಿ ಚಿತ್ರಗಳಲ್ಲೂ ಬರುತ್ತವೆ. ಕೊನೆಗೆ ನಾಯಕ ಬಂದು ಬಗೆಹರಿಸುತ್ತಾನೆ. ಸ್ವತಂತ್ರ ಚಿತ್ರದ ಸ್ವಾತಂತ್ರ್ಯ ಇರುವುದು ಅದರ ಕಥನದಲ್ಲಿ ಎಂದು ನಾನು ನಂಬಿದ್ದೇನೆ. ಯಾರ ಕಣ್ಣಿನಿಂದ ನೋಡುತ್ತೇವೆ, ಕಾಲ ಹೇಗೆ ಸಾಗುತ್ತದೆ, ಯಾರ ತಿಳಿವಳಿಕೆಗೆ ಬೆಲೆ ಸಿಗುತ್ತದೆ ಎಂಬ ಮೂರು ಪ್ರಶ್ನೆಗಳಿಂದ ಅದನ್ನು ಅಳೆಯಬೇಕು. ಹೀಗೆ ಅಳೆದಾಗ ಈ ಕಥನ ಹೊರದೇಶದಿಂದ ತಂದದ್ದೇನಲ್ಲ, ನಮ್ಮ ಸೀಮೆಯ ಕಥೆ ಹೇಳುವ ಪದ್ಧತಿಗೆ ಹತ್ತಿರದ್ದು ಎಂಬುದೂ ಗೊತ್ತಾಗುತ್ತದೆ.

ಮೊದಲನೆಯದು ಕಣ್ಣಿನ ಪ್ರಶ್ನೆ. ಇದಕ್ಕೆ ನಮ್ಮ ನೆರೆಯಿಂದಲೇ ಒಂದು ಉದಾಹರಣೆ ಇದೆ. ಗಿರೀಶ ಕಾರ್ನಾಡರು 1973ರಲ್ಲಿ ನಿರ್ದೇಶಿಸಿದ ‘ಕಾಡು’ ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯಿಂದ ಬಂದದ್ದು. ಆಲನಹಳ್ಳಿಯವರದು ಗುಂಡ್ಲುಪೇಟೆಗೆ ಅಂಟಿಕೊಂಡ ಹೆಗ್ಗಡದೇವನಕೋಟೆಯ ಸೀಮೆ. ಊರೂರಿನ ನಡುವಿನ ಹಗೆ, ಗೌಡನ ಪರಹೆಣ್ಣಿನ ಸಂಗ, ಅವನ ಹೆಂಡತಿ ಕಮಲಿಯ ಬೇಗೆ – ಕಥೆಯ ಎಳೆಗಳು ಇಷ್ಟೆ. ಇವನ್ನು ಹಿಡಿದು ಹೊಡೆದಾಟದ ಚಿತ್ರವನ್ನೂ ಮಾಡಬಹುದಿತ್ತು, ಕಣ್ಣೀರಿನ ಚಿತ್ರವನ್ನೂ ಮಾಡಬಹುದಿತ್ತು. ಆದರೆ ಇಲ್ಲಿ ಎಲ್ಲವನ್ನೂ ನೋಡುವವನು ಕಿಟ್ಟಿ ಎಂಬ ಹುಡುಗ. ದೊಡ್ಡವರು ಮುಚ್ಚಿಡುವುದು ಅವನಿಗೆ ಅರ್ಧ ಕಾಣುತ್ತದೆ, ಕಂಡದ್ದು ಅರ್ಧ ಅರ್ಥವಾಗುತ್ತದೆ. ಆ ಅರೆತಿಳಿವಿನಿಂದಾಗಿ ನೋಡುಗರಾದ ನಾವು ಯಾರ ಪಕ್ಷವನ್ನೂ ಸುಲಭವಾಗಿ ಹಿಡಿಯಲಾರೆವು. ಹಿರಿಯರ ಹಿಂಸೆಗೆ ಮಗುವಿನ ಮನಸ್ಸು ತೆರುವ ಬೆಲೆ ಏನು ಎಂಬ ಪ್ರಶ್ನೆ ಚಿತ್ರದ ಒಳಗಿನಿಂದ ಹುಟ್ಟುತ್ತದೆ. ಯಾವ ಪಾತ್ರವೂ ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕಥೆಯ ಎಳೆ ಬದಲಾಗದಿದ್ದರೂ ನೋಡುವ ಕಣ್ಣು ಬದಲಾದರೆ ಅರ್ಥ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ.

ಎರಡನೆಯದು ಕಾಲದ ಪ್ರಶ್ನೆ. ರಾಮ್ ರೆಡ್ಡಿ ನಿರ್ದೇಶನದ, ಈರೇಗೌಡರು ಜೊತೆಗೂಡಿ ಬರೆದ ‘ತಿಥಿ’ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತಯಾರಾಯಿತು. 2015ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ದೊಡ್ಡ ಪ್ರಶಸ್ತಿ ಪಡೆದು, 2016ರ ಮೇ ತಿಂಗಳಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿ ಆಗಬೇಕು. ಈ ಹನ್ನೊಂದು ದಿನವೇ ಚಿತ್ರದ ಕಾಲ. ಮಗ ಗಡ್ಡಪ್ಪನಿಗೆ ಆಸ್ತಿಯೂ ಬೇಡ, ಸಂಸಾರವೂ ಬೇಡ. ಹೊಲದಾರಿಯಲ್ಲಿ ನಡೆಯುತ್ತಾ ಇರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ. ಅದಕ್ಕಾಗಿ ಬದುಕಿರುವ ತಂದೆಯನ್ನು ಕಾಗದದ ಮೇಲೆ ಸತ್ತವನನ್ನಾಗಿ ಮಾಡಲೂ ಸಿದ್ಧ. ಮರಿಮಗ ಅಭಿಗೆ ಕುರಿಕಾಯುವವರ ಹುಡುಗಿಯ ಹಿಂದೆ ಮನಸ್ಸು. ಇಲ್ಲಿ ಖಳನಿಲ್ಲ, ನಾಯಕನಿಲ್ಲ. ಮೂರು ತಲೆಮಾರಿನ ಮೂರು ನಡಿಗೆಗಳಿವೆ, ಮೂರೂ ಒಂದೇ ತಿಥಿಯ ದಿನಕ್ಕೆ ಬಂದು ಸೇರುತ್ತವೆ. ಜಮೀನು ಎಂಬುದು ಒಬ್ಬನಿಗೆ ನಡೆಯುವ ದಾರಿ, ಇನ್ನೊಬ್ಬನಿಗೆ ದುಡ್ಡು, ಮತ್ತೊಬ್ಬನಿಗೆ ಲಕ್ಷ್ಯವೇ ಇಲ್ಲದ ಸಂಗತಿ ಎಂಬ ಬದಲಾವಣೆಯನ್ನು ಚಿತ್ರ ಯಾವ ಭಾಷಣವೂ ಇಲ್ಲದೆ ತೋರಿಸುತ್ತದೆ. ಘಟನೆಗಳನ್ನು ಒತ್ತೊತ್ತಾಗಿ ಪೇರಿಸಿದ್ದರೆ ಗಡ್ಡಪ್ಪನ ನಡಿಗೆಗೆ ಜಾಗವೇ ಇರುತ್ತಿರಲಿಲ್ಲ. ಆ ನಡಿಗೆ ಇಲ್ಲದಿದ್ದರೆ ಚಿತ್ರದ ತಿರುಳೂ ಇರುತ್ತಿರಲಿಲ್ಲ.

‘ತಿಥಿ’ಯ ಮುಂದಿನ ಕಥೆಯೂ ನನ್ನ ವಾದಕ್ಕೆ ಸಾಕ್ಷಿಯಾಗಿದೆ. ಅದರಲ್ಲಿ ಅಭಿನಯಿಸಿದವರು ವೃತ್ತಿನಟರಲ್ಲ, ಆ ಕಡೆಯ ಹಳ್ಳಿಗರೇ. ಚಿತ್ರ ಗೆದ್ದ ಮೇಲೆ ಅವರು ಮನೆಮಾತಾದರು, ಹಾಸ್ಯಚಿತ್ರಗಳಿಗೆ ಅವರನ್ನು ಕರೆದರು. ಮುಖ ಅದೇ, ಗಡ್ಡ ಅದೇ, ಆಡುನುಡಿಯೂ ಅದೇ. ಆದರೂ ಅವುಗಳಲ್ಲಿ ಯಾವುದೂ ಮತ್ತೊಂದು ‘ತಿಥಿ’ ಆಗಲಿಲ್ಲ. ಮೊದಲ ಚಿತ್ರ ಅವರ ಜೊತೆಗೆ ನಕ್ಕಿತ್ತು; ಆಮೇಲಿನವು ಬಹುಮಟ್ಟಿಗೆ ಅವರನ್ನು ನೋಡಿ ನಕ್ಕವು. ಹಳ್ಳಿಯ ಮುಖ, ಹಳ್ಳಿಯ ಮಾತು ತಂದ ಮಾತ್ರಕ್ಕೆ ಹಳ್ಳಿಯ ಚಿತ್ರವಾಗುವುದಿಲ್ಲ, ಕಥನದ ನಿಲುವು ಬೇಕು ಎಂಬುದು ಇದರಿಂದ ರುಜುವಾಗುತ್ತದೆ. ಚಾಮರಾಜನಗರದ ಆಡುನುಡಿಯನ್ನು ನಗೆಗಾಗಿ ಬಳಸುವುದು ಹೆಚ್ಚುತ್ತಿರುವ ಈ ಹೊತ್ತಿನಲ್ಲಿ ನಾವು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ನಮ್ಮ ನುಡಿಯಲ್ಲಿ ನಗು ಎಷ್ಟಿದೆಯೋ ದುಃಖ, ಸಿಟ್ಟು, ತರ್ಕ, ಧ್ಯಾನಗಳೂ ಅಷ್ಟೇ ಇವೆ. ನೆರೆಯ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ಅವರು ‘ಕುಸುಮಬಾಲೆ’ಯಲ್ಲಿ ಇದನ್ನು ತೋರಿಸಿಕೊಟ್ಟು ನಾಲ್ಕು ದಶಕ ಕಳೆದಿವೆ. ಅಲ್ಲಿ ಮನೆಮನೆಯ ದೀಪಗಳೇ ಜೋತಮ್ಮಗಳಾಗಿ ಒಂದೆಡೆ ಸೇರಿ ಊರಿನ ಸುದ್ದಿ ಮಾತಾಡುತ್ತವೆ. ಕಥನದಲ್ಲಿ ಇಷ್ಟು ದೊಡ್ಡ ಧೈರ್ಯ ಈ ಆಡುಮಾತಿನಿಂದಲೇ ಎದ್ದು ಬಂತು.

ಇಲ್ಲಿ ಮುಖ್ಯವಾದ ಆಕ್ಷೇಪವೊಂದನ್ನು ಎತ್ತಿಕೊಳ್ಳುತ್ತೇನೆ. ನಾಯಕನಿಲ್ಲದ, ಬಿಡಿಬಿಡಿ ಪ್ರಸಂಗಗಳ, ನಿಧಾನದ ಕಥನ ಯೂರೋಪಿನ ಚಿತ್ರೋತ್ಸವಗಳಿಂದ ಕಲಿತ ಶೈಲಿ, ನಮ್ಮ ಜನಕ್ಕೆ ಒಗ್ಗದು ಎಂಬುದು ಆ ಆಕ್ಷೇಪ. ಮಲೆ ಮಹದೇಶ್ವರನ ಕಾವ್ಯವನ್ನು ಬಲ್ಲವರು ಈ ಮಾತನ್ನು ಒಪ್ಪಲಾರರು. ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯೆಲ್ಲ ಹಾಡುವ ಆ ಕಾವ್ಯ ಸಾಲುಗಳಾಗಿ ಸಾಗುತ್ತದೆ: ಶ್ರವಣನ ಸಾಲು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು. ಒಂದೊಂದು ಸಾಲಿಗೂ ಅದರದೇ ಲೋಕ, ಅದರದೇ ಮುಖ್ಯ ವ್ಯಕ್ತಿ. ಹಾಡುಗಾರ ಬೇಕಾದ ಕಡೆ ನಿಲ್ಲುತ್ತಾನೆ, ಹಿಮ್ಮೇಳ ಅದನ್ನೇ ಎತ್ತಿಕೊಳ್ಳುತ್ತದೆ, ಒಂದು ಸಂಕಟವನ್ನು ಕೇಳುವವರ ಎದೆಗೆ ಇಳಿಯುವ ತನಕ ಮತ್ತೆ ಮತ್ತೆ ಹೇಳಲಾಗುತ್ತದೆ. ಚಿಕ್ಕಲ್ಲೂರು ಜಾತ್ರೆಯ ಕಡೆ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದ ನಡೆಯೂ ಇಂಥದ್ದೇ. ಸಂಕಮ್ಮನ ಸಾಲನ್ನೇ ನೋಡಿ. ಜೇನು ಕೀಳಲು ಕಾಡಿಗೆ ಹೊರಟ ಗಂಡ ಮಕ್ಕಳಿಲ್ಲದ ಹೆಂಡತಿಯ ಶೀಲವನ್ನು ಶಂಕಿಸಿ, ಭಾಷೆ ಕೊಡೆಂದು ಹಿಂಸಿಸುತ್ತಾನೆ, ಅವಳು ಒಪ್ಪುವುದಿಲ್ಲ. ದೇವರು ಬರುವುದಕ್ಕೂ ಮೊದಲು ಆ ಮನೆಯೊಳಗಿನ ಶಂಕೆ, ಒಂಟಿತನ, ಹಟಗಳನ್ನು ಕಾವ್ಯ ಎಷ್ಟು ಹೊತ್ತು ಹಿಡಿದು ನಿಲ್ಲಿಸುತ್ತದೆ! ಈಗ ಈರೇಗೌಡರು ನಿರ್ದೇಶಿಸಿದ ‘ಬಳೆಕೆಂಪ’ವನ್ನು ಪಕ್ಕಕ್ಕಿಟ್ಟು ನೋಡೋಣ. 2018ರಲ್ಲಿ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಪಡೆದ ಚಿತ್ರವದು. ಊರೂರು ತಿರುಗಿ ಹೆಂಗಸರಿಗೆ ಬಳೆ ಮಾರುವ ಕೆಂಪಣ್ಣ, ಮಕ್ಕಳಾಗಲಿಲ್ಲವೆಂಬ ಮಾತು ಕೇಳಿ ಕೇಳಿ ಸೊರಗಿದ ಹೆಂಡತಿ ಸೌಭಾಗ್ಯ. ಹೇಳಲಾಗದ ಸಂಗತಿಯೊಂದು ಇಬ್ಬರ ನಡುವೆ ಕೂತಿದೆ. ಇಲ್ಲಿ ದೇವರು ಬರುವುದಿಲ್ಲ; ಬಿಡುಗಡೆ ಏನಿದ್ದರೂ ಮನುಷ್ಯರೇ ಹುಡುಕಿಕೊಳ್ಳಬೇಕು. ಆ ವ್ಯತ್ಯಾಸ ದೊಡ್ಡದು. ಆದರೂ ಮನೆಯೊಳಗಿನ ಮೌನವನ್ನು ಅವಸರವಿಲ್ಲದೆ ಕೇಳುವ ಕಥನದ ಗುಣ ಎರಡಕ್ಕೂ ಸಮಾನ. ಮೈಸೂರಿನ ವೈದ್ಯ ಚಿದಾನಂದ ಎಸ್. ನಾಯಕ್ ಅವರ ಕಿರುಚಿತ್ರವೂ ಇಂಥ ಜನಪದ ಮೂಲದ್ದೇ. ಮುದುಕಿಯೊಬ್ಬಳು ಹುಂಜವನ್ನು ಕದ್ದೊಯ್ದದ್ದರಿಂದ ಊರಿಗೆ ಬೆಳಗೇ ಆಗದ ಆ ಕಥೆ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ನಮ್ಮ ಕಥೆ ಹೊರಗೆ ಹೋಗಿ ಗೌರವ ಪಡೆದದ್ದನ್ನು ಹೊರಗಿನಿಂದ ಬಂದ ಶೈಲಿ ಎಂದು ತಳ್ಳಿಹಾಕುವುದು ಸರಿಯಲ್ಲ.

ಮೂರನೆಯದು ಯಾರ ತಿಳಿವಳಿಕೆಗೆ ಬೆಲೆ ಎಂಬ ಪ್ರಶ್ನೆ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ನಡುವೆ ಬದುಕುವ ನಮಗೆ ಇದು ಎಲ್ಲಕ್ಕಿಂತ ಹತ್ತಿರದ್ದು. ಪ್ರವೀಣ್ ಕೃಪಾಕರ್ ನಿರ್ದೇಶನದ ‘ತಲೆದಂಡ’ ಪರಿಸರ ಸಂರಕ್ಷಣೆಯ ವಿಭಾಗದಲ್ಲಿ 2020ನೆಯ ಸಾಲಿನ ರಾಷ್ಟ್ರಪ್ರಶಸ್ತಿ ಪಡೆಯಿತು. ರಸ್ತೆಗಾಗಿ ಮರ ಕಡಿಯುವುದನ್ನು ಸಹಿಸದ, ಬುದ್ಧಿ ಬಲಿತಿಲ್ಲವೆಂದು ಊರು ಎಣಿಸುವ ಯುವಕನಾಗಿ ಸಂಚಾರಿ ವಿಜಯ್ ಅದರಲ್ಲಿ ನಟಿಸಿದರು. ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಅವರು ನಮ್ಮೊಂದಿಗಿರಲಿಲ್ಲ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದವನ ಬಾಯಿಂದ ಮರದ ಪರವಾದ ಮಾತು ಬರುವುದರಲ್ಲಿ ದೊಡ್ಡ ನೈತಿಕ ಬಲವಿದೆ. ಅಭಿವೃದ್ಧಿಯ ಲೆಕ್ಕಾಚಾರ ಅವನ ಪ್ರೀತಿಯ ಎದುರು ನಾಚಬೇಕಾಗುತ್ತದೆ. ಆದರೆ ಇದರಲ್ಲಿ ಒಂದು ಅಪಾಯವೂ ಇದೆ. ಕಾಡನ್ನು ಕಾಯುವವನು ಯಾವಾಗಲೂ ಮುಗ್ಧನೇ ಆದರೆ, ಕಾಡಿನ ಜನರ ಅರಿವನ್ನು ಬರಿಯ ಮುಗ್ಧತೆ ಎಂದು ತಿಳಿಯುವ ಹಳೆಯ ರೂಢಿಗೆ ಇನ್ನಷ್ಟು ಬಲ ಬರುತ್ತದೆ. ಸೋಲಿಗರ ಅರಿವು ಮುಗ್ಧತೆಯಲ್ಲ, ಅನುಭವದಿಂದ ಗಟ್ಟಿಗೊಂಡ ಶಾಸ್ತ್ರ. ಬೇಸಿಗೆಯ ಮೊದಲಲ್ಲಿ ಒಣಗಿದ ಎಲೆ ಮಾತ್ರ ಉರಿಯುವಂತೆ ಅವರು ಹಾಕುತ್ತಿದ್ದ ತರಗುಬೆಂಕಿ ನೆಲವನ್ನು ಹದವಾಗಿ ಇಡುತ್ತಿತ್ತು. ವನ್ಯಧಾಮವಾದ ಮೇಲೆ ಅದನ್ನು ನಿಲ್ಲಿಸಿದ್ದರಿಂದಲೇ ಲಂಟಾನ ಕಳೆ ಕಾಡೆಲ್ಲ ಹಬ್ಬಿತು ಎಂದು ಸೋಲಿಗರು ಹೇಳುತ್ತಾ ಬಂದಿದ್ದಾರೆ. ಸಂಶೋಧಕರೂ ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯಹಕ್ಕು ಸಿಕ್ಕಿತು. ಅಧಿಕಾರಿಯ ತಿಳಿವಳಿಕೆಗೂ ಸೋಲಿಗನ ತಿಳಿವಳಿಕೆಗೂ ನಡೆದ ಈ ದೀರ್ಘ ವಾದ ಒಂದು ಮಹಾಚಿತ್ರಕ್ಕೆ ಸಾಕಾಗುವಷ್ಟು ದೊಡ್ಡದು. ಅದನ್ನು ಯಾರೂ ಇನ್ನೂ ಅದರ ಪೂರ್ಣ ಆಳದಲ್ಲಿ ಕಥಾಚಿತ್ರವಾಗಿ ಹೇಳಿಲ್ಲ.

ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ದಾರಿಯಲ್ಲಿ, ಗಡಿಯಾಚೆ ಸಿಗುವ ತೆಪ್ಪಕಾಡಿನ ಆನೆಬಿಡಾರದಲ್ಲಿ ತಯಾರಾದ ‘ದಿ ಎಲಿಫೆಂಟ್ ವಿಸ್ಪರರ್ಸ್’ 2023ರಲ್ಲಿ ಆಸ್ಕರ್ ಪಡೆಯಿತು. ತಬ್ಬಲಿ ಆನೆಮರಿ ರಘುವನ್ನು ಸಾಕುವ ಬೊಮ್ಮನ್ ಮತ್ತು ಬೆಳ್ಳಿ ದಂಪತಿ ತಮ್ಮ ಬದುಕನ್ನು ತಾವೇ ಹೇಳುತ್ತಾರೆ. ಮೇಲಿನಿಂದ ವಿವರಣೆ ಕೊಡುವ ದನಿ ಇಲ್ಲ. ಅದು ಆ ಸಾಕ್ಷ್ಯಚಿತ್ರದ ಹೆಚ್ಚುಗಾರಿಕೆ. ಆದರೆ ಕಾಡಿನ ಜನಕ್ಕೂ ಅರಣ್ಯ ಇಲಾಖೆಗೂ ಇರುವ ಹಳೆಯ ತಿಕ್ಕಾಟ ಚೌಕಟ್ಟಿನ ಹೊರಗೇ ಉಳಿಯಿತು. ಪ್ರೀತಿ ಕಂಡಿತು, ಹಕ್ಕು ಕಾಣಲಿಲ್ಲ. ಈ ಕಾರಣಕ್ಕೆ ಅದನ್ನು ಕೆಟ್ಟ ಚಿತ್ರವೆಂದು ನಾನು ಹೇಳುವುದಿಲ್ಲ. ಒಳ್ಳೆಯ ಚಿತ್ರವೂ ಏನನ್ನು ಬಿಟ್ಟಿದೆ ಎಂದು ಕೇಳುವುದು ನೋಡುಗನ ಕರ್ತವ್ಯ ಎಂದಷ್ಟೇ ಹೇಳುತ್ತೇನೆ.

ಇನ್ನೂ ಎರಡು ಆಕ್ಷೇಪಗಳಿವೆ. ಇಂಥ ಚಿತ್ರಗಳು ನಮ್ಮ ಬಡತನವನ್ನು ಹೊರದೇಶದ ತೀರ್ಪುಗಾರರಿಗೆ ಮಾರುತ್ತವೆ ಎಂಬುದು ಒಂದು. ಕೆಲವು ಚಿತ್ರಗಳ ಮಟ್ಟಿಗೆ ಇದು ನಿಜ. ಪಾತ್ರಕ್ಕೆ ಸಂಕಟ ಬಿಟ್ಟು ಬೇರೇನೂ ಕೊಡದ ಚಿತ್ರಗಳನ್ನು ನಾನು ಸಮರ್ಥಿಸಲಾರೆ. ಆದರೆ ಇದನ್ನು ಪರೀಕ್ಷಿಸುವ ದಾರಿ ಸುಲಭ. ಬಡವನ ಪಾತ್ರಕ್ಕೆ ಆಸೆ, ಜಾಣತನ, ಹಟ, ತಪ್ಪು ಮಾಡುವ ಅವಕಾಶ ಇದೆಯೇ ಎಂದು ನೋಡಬೇಕು. ಜೈಶಂಕರ್ ಆರ್ಯರ್ ನಿರ್ದೇಶಿಸಿದ ‘ಶಿವಮ್ಮ ಯರೇಹಂಚಿನಾಳ’ 2022ರಲ್ಲಿ ಬುಸಾನ್ ಚಿತ್ರೋತ್ಸವದ ಪ್ರಶಸ್ತಿ ಪಡೆದ ಕೊಪ್ಪಳ ಕಡೆಯ ಕಥೆ. ಶಾಲೆಯ ಬಿಸಿಯೂಟದ ಅಡುಗೆಯವಳಾದ ಶಿವಮ್ಮ ಶಕ್ತಿಪೇಯ ಮಾರುವ ಸರಪಳಿ ವ್ಯಾಪಾರಕ್ಕೆ ಹಣ ಹಾಕಿ, ಊರೆಲ್ಲ ಬೇಡವೆಂದರೂ ಬಿಡದೆ ಓಡಾಡುತ್ತಾಳೆ. ಅವಳನ್ನು ಕಂಡು ಮರುಕಪಡಲು ಚಿತ್ರ ನಮಗೆ ಬಿಡುವುದೇ ಇಲ್ಲ. ಅವಳ ಜೊತೆ ವಾದಕ್ಕಿಳಿಯುವಂತೆ ಮಾಡುತ್ತದೆ. ಮರುಕಕ್ಕಿಂತ ವಾದ ದೊಡ್ಡ ಗೌರವ. ಎರಡನೆಯ ಆಕ್ಷೇಪ, ಜನ ಇವನ್ನು ನೋಡುವುದಿಲ್ಲ ಎಂಬುದು. ತೋರಿಸದೆ ಹೋದರೆ ನೋಡುವುದು ಹೇಗೆ? ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ ಸತ್ಯಜಿತ್ ರಾಯ್, ಡಿ ಸಿಕಾ, ಕುರೊಸಾವಾ ಅವರ ಚಿತ್ರಗಳನ್ನು ಅಡಿಕೆ ತೋಟದ ಹಳ್ಳಿಗರ ಮುಂದಿಟ್ಟರು. ಹಳ್ಳಿಗರು ನೋಡಿದರು, ಚರ್ಚಿಸಿದರು. ರಾತ್ರಿಯಿಡೀ ಮಹದೇಶ್ವರನ ಕಥೆ ಕೇಳುವ ತಾಳ್ಮೆಯುಳ್ಳ ಸೀಮೆಗೆ ಎರಡು ಗಂಟೆಯ ಚಿತ್ರ ನಿಧಾನವಾಯಿತು ಎನ್ನುವುದನ್ನು ನಾನು ನಂಬಲಾರೆ. ಕೊರತೆ ಇರುವುದು ಜನರ ಅಭಿರುಚಿಯಲ್ಲಲ್ಲ, ತೋರಿಸುವ ವ್ಯವಸ್ಥೆಯಲ್ಲಿ.

ನಮ್ಮ ಸೀಮೆಯಲ್ಲಿ ಹೇಳಬೇಕಾದ ಕಥೆಗಳಿಗೆ ಬರವಿಲ್ಲ. ಈ ಊರಿಗೆ ಬಂದ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆಂಬ ಮೂಢನಂಬಿಕೆಯಿಂದ ದಶಕಗಳ ಕಾಲ ಹಲವರು ಚಾಮರಾಜನಗರ ಪಟ್ಟಣಕ್ಕೆ ಕಾಲಿಡಲಿಲ್ಲ. ಅದರ ಬೆಲೆ ತೆತ್ತ ಜನರ ಕಥೆ ಇದೆ. 2009ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ; ಚೆಕ್‌ಪೋಸ್ಟಿನ ಎರಡು ಬದಿಯ ಬದುಕುಗಳ ಕಥೆ ಇದೆ. ಓಣಂಗೆ ಕೇರಳಕ್ಕೆ ಹೋಗುವ ಹೂವು, ಶುಂಠಿಗೆ ಗುತ್ತಿಗೆ ಕೊಟ್ಟ ಹೊಲ, ಕರಿಕಲ್ಲಿನ ಕ್ವಾರಿ ಇವೆಲ್ಲವೂ ಇವೆ. 2021ರ ಮೇ ತಿಂಗಳಲ್ಲಿ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಜೀವ ಕಳೆದುಕೊಂಡವರ ಮನೆಗಳಿವೆ. ಸುದ್ದಿವಾಹಿನಿಗಳು ಆ ಸಾವುಗಳನ್ನು ಕೆಲವು ದಿನ ತೋರಿಸಿ ಮುಂದೆ ಹೋದವು. ಉಳಿದವರ ಬದುಕು ಆಮೇಲೆ ಹೇಗೆ ಸಾಗಿತು ಎಂದು ಕೇಳುವ ವ್ಯವಧಾನ ಇರುವುದು ಕಲೆಗೆ ಮಾತ್ರ. ಲಾಕ್‌ಡೌನಿನಲ್ಲಿ ಊರಿಗೆ ಹೊರಟ ಕಾರ್ಮಿಕ ತಂದೆ-ಮಗನ ದಾರಿಯನ್ನು ಉತ್ಸವ್ ಗೋನವಾರ ಅವರ ‘ಫೋಟೋ’ ಚಿತ್ರ ಹಾಗೆಯೇ ಹಿಂಬಾಲಿಸಿತು. ಆ ಬಗೆಯ ಕಣ್ಣು ನಮ್ಮ ಜಿಲ್ಲೆಗೂ ಬೇಕು.

ಆದ್ದರಿಂದ ಕೇಳುಗರಲ್ಲಿ, ವಿಶೇಷವಾಗಿ ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲಗಳ ಕಾಲೇಜು ಅಧ್ಯಾಪಕರಲ್ಲಿ, ರಂಗತಂಡಗಳ ಗೆಳೆಯರಲ್ಲಿ ನನ್ನ ಮನವಿ ಇದು. ಊರಿಗೊಂದು ಚಿತ್ರಸಮಾಜ ಕಟ್ಟಿ. ಒಂದು ಕೋಣೆ, ಒಂದು ಪರದೆ, ಒಂದು ಪ್ರೊಜೆಕ್ಟರ್, ತಿಂಗಳಿಗೊಂದು ಸಂಜೆ ಸಾಕು. ಮೊದಲ ತಿಂಗಳು ‘ಕಾಡು’, ಮುಂದಿನ ತಿಂಗಳು ‘ತಿಥಿ’, ಆಮೇಲೆ ‘ತಲೆದಂಡ’ ತೋರಿಸಿ. ನೋಡಿದ ಮೇಲೆ ಅರ್ಧ ಗಂಟೆ ಕೂತು, ಈ ಕಥೆಯನ್ನು ಯಾರ ಕಣ್ಣಿನಿಂದ ನೋಡಿದೆವು, ಯಾರ ಮಾತು ಕೇಳಿಸಲಿಲ್ಲ ಎಂದು ಚರ್ಚಿಸಿ. ದೇವರಗುಡ್ಡರನ್ನೂ ನೀಲಗಾರರನ್ನೂ ಸೋಲಿಗ ಹಿರಿಯರನ್ನೂ ಆ ಚರ್ಚೆಗೆ ಕರೆಯಿರಿ, ಏಕೆಂದರೆ ಕಥೆ ಹೇಳುವ ವಿದ್ಯೆಯಲ್ಲಿ ಅವರು ನಮಗೆಲ್ಲ ಗುರುಗಳು. ಕೈಯಲ್ಲಿ ಮೊಬೈಲ್ ಕ್ಯಾಮೆರಾ ಇರುವ ತರುಣ ತರುಣಿಯರು ಆ ಸಭೆಯಲ್ಲಿ ಕೂತು ಕೇಳಲಿ. ನಮ್ಮ ಸೀಮೆಯ ಕಥೆಯನ್ನು ನಮ್ಮ ಸೀಮೆಯ ದನಿಯಲ್ಲಿ ಹೇಳುವ ಚಿತ್ರ ಅಂಥ ಸಭೆಗಳಿಂದಲೇ ಹುಟ್ಟಬೇಕು. ಆ ಕೆಲಸವನ್ನು ಈ ವರ್ಷವೇ ಆರಂಭಿಸೋಣ.